ಮ್ಯಾಂಚೆಸ್ಟರ್‌ನ ಸಂಜೆ: ಬೆಳಕಿನ ದೀಪ, ವಾಕಿಂಗ್, ಒಗ್ಗರಣೆ ಮಂಡಕ್ಕಿ

ಮೊದಲೇ ಹೇಳಿಬಿಡುತ್ತೇನೆ, ಅಲ್ಲಿನ ಚಳಿಗಾಲದ ಕತ್ತಲ ಸಂಜೆಗಳಲ್ಲಿ ನನ್ನನ್ನು ಕಾಪಾಡಿದ್ದು ಮಂಡಕ್ಕಿ.

ಮಗಳ ಬಾಣಂತನಕ್ಕೆ ಅಂತ ಸೆಪ್ಟೆಂಬರ್ ಕೊನೆಗೆ ದಾವಣಗೆರೆಯಿಂದ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ಹೋದವಳು ಮಾರ್ಚ್‌ವರೆಗೂ ಅಲ್ಲೇ ಇದ್ದೆ. ಮೊದಲ ತಿಂಗಳು ಓಡಾಟದಲ್ಲಿ ಕಳೆಯಿತು. ನವೆಂಬರ್ ಬಂದಮೇಲೆ ಸಂಜೆಯಾದರೆ ಸಾಕು, ಎದೆ ಭಾರ. ತಾಯಿ, ಮಗು ಇಬ್ಬರೂ ಮಲಗಿರುತ್ತಿದ್ದರು. ಕಿಟಕಿಯಾಚೆ ಬರೀ ಕತ್ತಲು. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು 8.20ರ ಹೊತ್ತಿಗೆ, ಮುಳುಗುವುದು 4 ಗಂಟೆಗೂ ಮುಂಚೆ. ನಮ್ಮೂರಲ್ಲಿ ಅದೇ ದಿನ 11 ಗಂಟೆಗೂ ಜಾಸ್ತಿ ಬೆಳಕಿರುತ್ತದೆ.

ನನ್ನ ಮುಖ ನೋಡಿ ಅಳಿಯಂದಿರು ಒಂದು ಬೆಳಕಿನ ದೀಪ ತರಿಸಿದರು, ಬಿಸಿಲು ಕಾಣದೆ ಮನಸ್ಸು ಕುಗ್ಗಿದವರು ಎದುರು ಕೂರುವಂಥದ್ದು. 60 ಪೌಂಡ್, ನಮ್ಮ ಲೆಕ್ಕದಲ್ಲಿ ಆರು ಸಾವಿರದ ಮೇಲೆ. 10,000 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕು, ದಿನಾ ಬೆಳಿಗ್ಗೆ ಅರ್ಧ ಗಂಟೆ ಎದುರು ಕೂರಬೇಕು. ಆದರೆ ಅಷ್ಟು ಬೆಳಕು ಸಿಗುವುದು ದೀಪವನ್ನು ಮುಖದ ಹತ್ತಿರವೇ ಇಟ್ಟುಕೊಂಡರೆ ಮಾತ್ರ. ಸ್ವಲ್ಪ ದೂರ ಸರಿದರೂ ಬೆಳಕು ತುಂಬಾ ಇಳಿದುಬಿಡುತ್ತದೆ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಹೊತ್ತಲ್ಲಿ ನಾನು ದೀಪದ ಮುಂದೆ ಕೂರುವುದು ಹೇಗೆ? ಹದಿನೈದು ದಿನ ಬಿಟ್ಟುಬಿಟ್ಟು ಕೂತೆ, ಆಮೇಲೆ ನಿಲ್ಲಿಸಿದೆ. ಕಂಪ್ಯೂಟರ್ ಮುಂದೆ ಕೂರುವವರಿಗೆ ಅದು ಸರಿಹೋಗುತ್ತದೆ. ಅಳಿಯಂದಿರು ಈಗಲೂ ಬಳಸುತ್ತಾರೆ.

ವಾಕಿಂಗ್‌ಗೆ ಹತ್ತಿರದಲ್ಲೇ ಪ್ಲಾಟ್ ಫೀಲ್ಡ್ಸ್ ಪಾರ್ಕ್ ಇತ್ತು. ಒಳಗೊಂದು ಕೆರೆ. ನಮ್ಮೂರ ಕುಂದವಾಡ ಕೆರೆ ಏರಿಯ ಮೇಲೆ ಅಷ್ಟು ವರ್ಷ ನಡೆದವಳಿಗೆ ನೀರು ಕಂಡರೇ ಅರ್ಧ ಸಮಾಧಾನ. ಮೋಡ ಕವಿದಿದ್ದರೂ ಮಧ್ಯಾಹ್ನ ಹೊರಗೆ ಸಾವಿರಾರು ಲಕ್ಸ್ ಬೆಳಕು ಇರುತ್ತದೆ, ಮನೆಯೊಳಗೆ ನೂರರ ಲೆಕ್ಕ. ಅದೂ ಪುಕ್ಕಟೆ. ನಡೆದು ಬಂದ ದಿನ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು. ಆದರೆ ವಾರದಲ್ಲಿ ನಾಲ್ಕು ದಿನ ಜಿಟಿಜಿಟಿ ಮಳೆ. ಮೊಣಕಾಲು ನೋವಿನವಳಿಗೆ ಒದ್ದೆ ಎಲೆ ಬಿದ್ದ ದಾರಿ ಅಂದರೆ ಭಯ.

ಊರಿಗೆ ಫೋನ್ ಮಾಡುವುದು? ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನಾಲ್ಕೂವರೆ ಗಂಟೆಯ ಅಂತರ ಐದೂವರೆ ಆಯಿತು. ನನ್ನ ಸಂಜೆ ನಾಲ್ಕಕ್ಕೆ ಇಲ್ಲಿ ರಾತ್ರಿ ಒಂಬತ್ತೂವರೆ. ನಮ್ಮ ಮನೆಯವರು ಒಂಬತ್ತಕ್ಕೇ ಮಲಗುವವರು.

ಇನ್ನು ಮಂಡಕ್ಕಿ. ಸಂಜೆ ನಾಲ್ಕಕ್ಕೆ ಮಂಡಕ್ಕಿ, ಟೀ ಅನ್ನುವುದು ನಮ್ಮೂರಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ? ವಿಲ್ಮ್ಸ್‌ಲೋ ರಸ್ತೆಯ ಅಂಗಡಿಯಲ್ಲಿ ಮಮ್ರಾ ಅಂತ ಪ್ಯಾಕೆಟ್ ಸಿಕ್ಕಿತು. ನಮ್ಮ ಭಟ್ಟಿ ಮಂಡಕ್ಕಿಯ ಗಟ್ಟಿತನ ಅದಕ್ಕಿಲ್ಲ. ಮೊದಲ ದಿನ ನೀರಲ್ಲಿ ಅದ್ದಿ ಹಿಂಡಿದೆ, ಮುದ್ದೆಯಾಯಿತು. ಮಾರನೇ ದಿನದಿಂದ ಬರೀ ನೀರು ಚಿಮುಕಿಸಿದೆ, ಸರಿಹೋಯಿತು.

ನಿಜವಾದ ತೊಂದರೆ ಒಗ್ಗರಣೆಯದು. ಊರಿಂದ ಒಯ್ದಿದ್ದ ಅಲ್ಯೂಮಿನಿಯಂ ಬಾಂಡ್ಲೆ ಅವರ ಇಂಡಕ್ಷನ್ ಒಲೆಯ ಮೇಲೆ ಕಾಯಲೇ ಇಲ್ಲ. ಆ ಒಲೆಗೆ ಅಯಸ್ಕಾಂತ ಅಂಟುವ, ತಳ ಚಪ್ಪಟೆ ಇರುವ ಪಾತ್ರೆಯೇ ಬೇಕು. ಮಗಳ ಪ್ಯಾನ್ ಇಟ್ಟು, ನಮ್ಮ ಅಭ್ಯಾಸದಂತೆ ಎಣ್ಣೆ ಚೆನ್ನಾಗಿ ಕಾಯಿಸಿ, ಸಾಸಿವೆ ಸಿಡಿಸಿ ಹಸಿಮೆಣಸಿನಕಾಯಿ ಹಾಕಿದೆ. ಘಾಟು ಎದ್ದಿದ್ದೇ ತಡ, ಹಾಲ್‌ನ ಚಾವಣಿಯಲ್ಲಿದ್ದ ಹೊಗೆ ಅಲಾರಂ ಕಿರುಚಲು ಶುರು ಮಾಡಿತು. ಮಗು ಬೆಚ್ಚಿಬಿದ್ದು ಅತ್ತಿತು. ಮಗಳು ಹೊಲಿಗೆಯ ನೋವಲ್ಲೇ ಎದ್ದು ಓಡಿಬಂದಳು. ನಾನು ಟವೆಲ್ ಬೀಸುತ್ತಾ ನಿಂತಿದ್ದೆ, ಕಣ್ಣಲ್ಲಿ ನೀರು. "ಅಮ್ಮಾ, ಬಿಡು, ಏನಾಗಲ್ಲ" ಅಂದಳು. ಆದರೂ ಎರಡು ದಿನ ಒಲೆ ಹತ್ತಿರ ಹೋಗಲು ಮನಸ್ಸಾಗಲಿಲ್ಲ.

ಆಮೇಲೆ ಪ್ರಯೋಗ ಮಾಡುತ್ತಾ ಹೋದೆ. ಅಲಾರಂ ಬಿಚ್ಚುವ ಯೋಚನೆ ಮಾತ್ರ ಯಾರೂ ಮಾಡಬೇಡಿ, ಅದು ಇಡೀ ಮನೆಯ ಜೀವದ ವಿಷಯ. ನಾನು ಅಡುಗೆಮನೆಯ ಬಾಗಿಲು ಹಾಕಿ, ಕಿಟಕಿ ತೆಗೆದು, ಹೊಗೆ ಎಳೆಯುವ ಫ್ಯಾನ್ ಮೊದಲೇ ಹಚ್ಚುತ್ತಿದ್ದೆ. ಉರಿ ಮಧ್ಯಮಕ್ಕಿಂತ ಕಡಿಮೆ. ಮುಖ್ಯವಾದದ್ದು, ಈರುಳ್ಳಿ ಮೊದಲು, ಮೆಣಸಿನಕಾಯಿ ಆಮೇಲೆ. ಈರುಳ್ಳಿಯ ನೀರಲ್ಲಿ ಮೆಣಸಿನಕಾಯಿ ಬೇಯುತ್ತದೆ, ಘಾಟು ಏಳುವುದಿಲ್ಲ. ಅರಿಶಿನ, ಉಪ್ಪು, ಮಂಡಕ್ಕಿ, ಮೇಲೆ ಪುಟಾಣಿ ಪುಡಿ. ಮತ್ತೆ ಒಂದು ದಿನವೂ ಅಲಾರಂ ಕೂಗಲಿಲ್ಲ.

ಮೂರೂವರೆಗೆ ಈರುಳ್ಳಿ ಹೆಚ್ಚಲು ಕೂತರೆ ಕತ್ತಲಾಗಿದ್ದೇ ಗೊತ್ತಾಗುತ್ತಿರಲಿಲ್ಲ. ನಾಲ್ಕಕ್ಕೆ ಮಗಳು ಎದ್ದು ಬರುತ್ತಿದ್ದಳು. ಇಬ್ಬರೂ ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದೆವು. ಅವಳದಕ್ಕೆ ಖಾರ ಕಮ್ಮಿ ಅಂತ ಆಮೇಲಾಮೇಲೆ ಎರಡು ತಟ್ಟೆಯಾಯಿತು. ದೀಪ ಎದುರಿಗಿದ್ದಾಗ ನಾನು ಒಬ್ಬಳೇ. ಪಾರ್ಕಲ್ಲೂ ಒಬ್ಬಳೇ.

ಕೈ ಆಡಿಸುತ್ತಿದ್ದರೆ ಮನಸ್ಸು ಹಗುರಾಗುವ ನನ್ನಂಥವರಿಗೆ, ಖರ್ಚು ನೋಡಿ ಮಾಡುವವರಿಗೆ, ಮಂಡಕ್ಕಿಯೇ ಸರಿ. ಮಳೆ ಇಲ್ಲದ ದಿನ ವಾಕಿಂಗ್ ಕೂಡ ಸೇರಿಸಿಕೊಳ್ಳಿ. ಕಾಲು ಗಟ್ಟಿ ಇದ್ದವರು ಅದನ್ನೇ ಮೊದಲು ಇಟ್ಟುಕೊಂಡರೂ ನಾನು ಬೇಡ ಅನ್ನುವುದಿಲ್ಲ.

ಮಗುವಿನ ಹುಟ್ಟುಹಬ್ಬಕ್ಕೆ ಮತ್ತೆ ಹೋಗುವುದಿದೆ. ಈ ಸಲ ಬಾಂಡ್ಲೆ ಒಯ್ಯುವುದಿಲ್ಲ. ಆ ಜಾಗದಲ್ಲಿ ನಮ್ಮ ಭಟ್ಟಿ ಮಂಡಕ್ಕಿ. ತೂಕ ಏನೂ ಇಲ್ಲ, ಆದರೆ ಎರಡು ಕೆಜಿ ತುಂಬುವಷ್ಟರಲ್ಲೇ ಸೂಟ್‌ಕೇಸ್ ಭರ್ತಿ. ಸೀರೆಗಳಿಗೆ ಬೇರೆ ಚೀಲ ನೋಡಬೇಕು.