ನೆಟ್ ಇಲ್ಲದ ಜಿಪಿಎಸ್‌ಗೆಂದು 1,800 ರೂಪಾಯಿ ಕೊಟ್ಟು ಬಂದೆ, ನೀವು ಕೊಡಬೇಡಿ

ಮೈಸೂರಿನಲ್ಲಿ ನಮ್ಮ ಮನೆಯ ಹತ್ತಿರದ ಒಂದು ಮೊಬೈಲ್ ಅಂಗಡಿಯವರು ಗಾಜಿನ ಮೇಲೆ ‘ನೆಟ್ ಇಲ್ಲದೆ ಜಿಪಿಎಸ್, ಲೈಫ್‌ಟೈಮ್’ ಎಂದು ಬರೆದ ಕಾಗದವೊಂದನ್ನು ಅಂಟಿಸಿದ್ದಾರೆ. ಅದನ್ನು ನಂಬಿ ನಾನು 1,800 ರೂಪಾಯಿ ಕಳೆದುಕೊಂಡೆ. ಹಣ ಹೋಗಿದ್ದಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿರುವುದು, ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಅಕ್ಷಾಂಶ ರೇಖಾಂಶ ಪಾಠ ಮಾಡಿ ನಿವೃತ್ತನಾದವನೇ ಹೀಗೆ ಮೋಸ ಹೋದೆನಲ್ಲ ಎಂಬುದಕ್ಕೆ. ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಓದಿದರೆ ನಗಲಿ, ಚಿಂತೆಯಿಲ್ಲ. ಆದರೆ ಅಂಥ ಕಾಗದ ನೋಡಿ ಯಾರೂ ಒಳಗೆ ಹೋಗದಿರಲಿ.

ಮನೆಯಲ್ಲಿ ವೈಫೈ ಇರುವುದರಿಂದ ನಾನು ಮೊಬೈಲಿಗೆ ಬೇರೆಯಾಗಿ ಡೇಟಾ ಹಾಕಿಸುವುದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ತಿದ್ದಿದ ಮೇಲೆ ಬಂದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ನನಗೆ ಸಾಕು. ಜುಲೈನಲ್ಲಿ ಮನೆಯಾಕೆ ಮತ್ತು ಅತ್ತಿಗೆಯವರನ್ನು ಕರೆದುಕೊಂಡು ಕಾರಿನಲ್ಲಿ ಹೊರನಾಡಿಗೆ ಹೋಗಬೇಕಿತ್ತು. ಆ ಕಡೆ ಡೇಟಾ ಇದ್ದವರಿಗೂ ಎಷ್ಟೋ ಕಡೆ ಸಿಗ್ನಲ್ ಸಿಗುವುದಿಲ್ಲವೆಂದು ಕೇಳಿದ್ದೆ. ಅದಕ್ಕೇ ಆ ಕಾಗದ ನನ್ನ ಕಣ್ಣಿಗೆ ಬಿತ್ತು.

“ಸಾರ್, ಜಿಪಿಎಸ್‌ಗೆ ಸ್ಯಾಟಲೈಟ್ ಚಾರ್ಜ್ ಅಂತ ಇರುತ್ತೆ. ವರ್ಷ ವರ್ಷ ಕಟ್ಟೋದು ಯಾಕೆ, ಲೈಫ್‌ಟೈಮ್ ಹಾಕಿಸ್ಕೊಂಡ್‌ಬಿಡಿ” ಎಂದ ಅಂಗಡಿಯವನು. ಸ್ಯಾಟಲೈಟ್ ಚಾರ್ಜ್! ನಾನು ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಎಲ್ಲರಿಗೂ ಒಂದೇ ಸಮನೆ ಸಂಕೇತ ಬಿತ್ತರಿಸುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಫೋನು ತಾನೆಲ್ಲಿದ್ದೇನೆಂದು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ, ಅವುಗಳಿಗೆ ಏನನ್ನೂ ತಿರುಗಿ ಕಳಿಸುವುದಿಲ್ಲ. ರೇಡಿಯೋ ಕೇಳಿದ ಹಾಗೆ. ಇದಕ್ಕೆ ಯಾವ ಶುಲ್ಕವೂ ಇಲ್ಲ. ಡೇಟಾ ಬೇಕಾಗುವುದು ನಕ್ಷೆಯ ಚಿತ್ರವನ್ನು ತರಿಸಿಕೊಳ್ಳಲು, ಹುಡುಕಲು, ಟ್ರಾಫಿಕ್ ತಿಳಿಯಲು. ಇದನ್ನೆಲ್ಲ ಈಗ ಇಷ್ಟು ಚೆನ್ನಾಗಿ ಬರೆಯುತ್ತಿದ್ದೇನೆ, ಅಂದು ಆ ಬುದ್ಧಿ ಎಲ್ಲಿ ಹೋಗಿತ್ತೋ.

ಅವನು ಫೋನು ತೆಗೆದುಕೊಂಡು ಹತ್ತು ನಿಮಿಷ ಏನೇನೋ ಒತ್ತಿ, ಮೈಸೂರಿನಿಂದ ಹೊರನಾಡಿನವರೆಗೆ ನೀಲಿ ಗೆರೆ ಎಳೆದು ತೋರಿಸಿದ. ‘ಸೆಟ್ಟಿಂಗ್‌ಗೆ’ ಎಂದು ತನ್ನ ಫೋನಿನ ನೆಟ್ ಹಂಚುವ ಹಾಟ್‌ಸ್ಪಾಟಿಗೆ ನನ್ನ ಫೋನನ್ನು ಜೋಡಿಸಿಕೊಂಡಿದ್ದ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಬಿಲ್ ಕೊಡಲಿಲ್ಲ. ಒಂದು ಚೀಟಿಯ ಹಿಂದೆ ‘ಜಿಪಿಎಸ್ ಲೈ. ಟೈ. 1800’ ಎಂದು ಗೀಚಿ ಕೊಟ್ಟ.

ಹಾಸನ, ಬೇಲೂರು, ಮೂಡಿಗೆರೆಯವರೆಗೆ ದಾರಿ ನನಗೆ ಗೊತ್ತಿದ್ದುದರಿಂದ ಫೋನು ಜೇಬಿನಲ್ಲೇ ಇತ್ತು. ಕೊಟ್ಟಿಗೆಹಾರ ತಲುಪುವಾಗ ಸಂಜೆಯಾಗಿತ್ತು, ಮುಂದಿನ ಹತ್ತು ಮಾರು ಕಾಣದಷ್ಟು ಮಂಜು ಕವಿದಿತ್ತು, ಮಳೆ ಬೇರೆ. ಫೋನು ತೆರೆದರೆ ಬರೀ ಬೂದು ಬಣ್ಣದ ಹಾಳೆ, ಅದರ ನಡುವೆ ಒಂದು ನೀಲಿ ಚುಕ್ಕಿ. ರಸ್ತೆಯಿಲ್ಲ, ಊರಿನ ಹೆಸರಿಲ್ಲ. ಕಾರು ಮುಂದೆ ಸರಿದರೆ ಚುಕ್ಕಿಯೂ ಸರಿಯುತ್ತಿತ್ತು; ಉಪಗ್ರಹಗಳು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದವು, ನಕ್ಷೆಯೇ ಇರಲಿಲ್ಲ. ಕಳಸದ ಕಡೆ ತಿರುಗುವುದನ್ನು ಬಿಟ್ಟು ಚಾರ್ಮಾಡಿ ಘಾಟಿಯ ಕಡೆ ಇಳಿಯತೊಡಗಿದೆವು. ಜೋಳ ಸುಡುತ್ತಿದ್ದ ಒಬ್ಬರು “ಇದು ಧರ್ಮಸ್ಥಳದ ದಾರಿ ಸ್ವಾಮಿ, ಹೊರನಾಡಿಗಾದ್ರೆ ವಾಪಸ್ ಹೋಗಿ” ಎಂದಾಗ ಹಿಂದಿನ ಸೀಟಿನಲ್ಲಿದ್ದ ಅತ್ತಿಗೆಯವರು ಒಂದು ಮಾತೂ ಆಡಲಿಲ್ಲ. ಅವರು ಆಡಿದ್ದರೇ ಚೆನ್ನಾಗಿತ್ತು. ಆ ಮಂಜಿನಲ್ಲಿ, ಎದುರಿನಿಂದ ಲಾರಿ ಬರುವ ತಿರುವಿನಲ್ಲಿ ಕಾರು ಹಿಂದಕ್ಕೆ ತಿರುಗಿಸಿದ್ದನ್ನು ನೆನೆದರೆ ಈಗಲೂ ಕೈ ಬೆವರುತ್ತದೆ.

ರಾತ್ರಿ ಹೊರನಾಡಿನ ಲಾಡ್ಜಿನ ಕೌಂಟರಿನಲ್ಲಿದ್ದ ಹುಡುಗನಿಗೆ ಫೋನು ತೋರಿಸಿದೆ. ಅವನು ಗೂಗಲ್ ಮ್ಯಾಪಿನ ಮೂಲೆಯಲ್ಲಿದ್ದ ನನ್ನ ಚಿತ್ರವನ್ನು ಒತ್ತಿ, ಆಫ್‌ಲೈನ್ ನಕ್ಷೆಗಳ ಪಟ್ಟಿ ತೆರೆದ. ಅದರಲ್ಲಿ ಒಂದೇ ಹೆಸರು: ಮೈಸೂರು. ಕೆಳಗೆ, ಅದು ಯಾವಾಗ ಅವಧಿ ಮುಗಿಯುತ್ತದೆಂಬ ತಾರೀಖು. ಲೈಫ್‌ಟೈಮ್ ಎಂದರೆ ಇದು! ಲಾಡ್ಜಿನ ವೈಫೈಗೆ ಹಾಕಿ, ಕಳಸ, ಕುದುರೆಮುಖ, ಕಾರ್ಕಳವೆಲ್ಲ ಬರುವ ಹಾಗೆ ಚೌಕಟ್ಟನ್ನು ಬೆರಳಿನಲ್ಲಿ ಸರಿಸಿ, ಡೌನ್‌ಲೋಡ್ ಒತ್ತಿದ. ನನ್ನ ಕೈಯಲ್ಲಿದ್ದ ಕಾಫಿ ಆರುವುದರೊಳಗೆ ಮುಗಿದಿತ್ತು. “ಇದಕ್ಕೇನೂ ದುಡ್ಡು ಇಲ್ಲ ಸಾರ್. ಯಾರಿಗಾದ್ರೂ ಕೊಟ್ರಾ?” ಎಂದು ಕೇಳಿದ. ಇಲ್ಲ, ಅಳಿಯ ಹಾಕಿಕೊಟ್ಟಿದ್ದ ಎಂದು ಸುಳ್ಳು ಹೇಳಿದೆ. ಪಾಪ, ಅಳಿಯನಿಗೆ ಇದು ಗೊತ್ತಿಲ್ಲ.

ಮೈಸೂರಿಗೆ ಬಂದು ಅಂಗಡಿಗೆ ಹೋದರೆ ಮೊದಲ ಉತ್ತರ: “ಘಾಟ್ ಕಡೆ ಸ್ಯಾಟಲೈಟ್ ವೀಕು ಸಾರ್.” ಚುಕ್ಕಿ ಸರಿಯಾಗಿಯೇ ಇತ್ತಲ್ಲ ಎಂದರೆ, “ನಿಮ್ ಸೆಟ್ ಹಳೇದು.” ಮೈಸೂರಿನ ನಕ್ಷೆ ಮಾತ್ರ ಇದೆ, ಅದಕ್ಕೂ ಅವಧಿ ಇದೆ ಎಂದು ತೆರೆದು ತೋರಿಸಿದಾಗ ಅವನು ಒಂದು ಕ್ಷಣವೂ ತಡವರಿಸದೆ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: “ಲೈಫ್‌ಟೈಮ್ ಅಂದ್ರೆ ಆ ಮ್ಯಾಪಿನ ಲೈಫ್‌ಟೈಮ್ ಸಾರ್, ನಿಮ್ದಲ್ಲ.” ಪಕ್ಕದಲ್ಲಿ ಸ್ಕ್ರೀನ್‌ಗಾರ್ಡ್ ಹಾಕಿಸಿಕೊಳ್ಳುತ್ತಿದ್ದ ಇಬ್ಬರು ಹುಡುಗರು ನಕ್ಕರು. ಪುಕ್ಕಟೆ ಸಿಗುವುದಕ್ಕೆ 1,800 ಏಕೆ ತೆಗೆದುಕೊಂಡೆ ಎಂದರೆ, ಅದು ಸರ್ವಿಸ್ ಚಾರ್ಜ್ ಅಂತೆ. ಮುನ್ನೂರು ಕೊಟ್ಟರೆ ಇಡೀ ಕರ್ನಾಟಕ ಹಾಕಿಕೊಡುತ್ತಾನಂತೆ! ದುಡ್ಡು ವಾಪಸು ಕೇಳಿದಾಗ, “ಬಿಲ್ ತೋರ್ಸಿ” ಎಂದ. ಚೀಟಿ ತೋರಿಸಿದೆ. “ಇದು ನಮ್ ಕೈಬರಹ ಅಲ್ಲ” ಎಂದ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಲು ಎರಡು ಸಲ ಫೋನು ಎತ್ತಿದೆ. ಏನೆಂದು ದೂರು ಹೇಳುವುದೋ ತಿಳಿಯದೆ ಕೆಳಗಿಟ್ಟೆ.

ನೆಟ್ ಇಲ್ಲದೆ ದಾರಿ ಬೇಕೆಂದರೆ ಹೊರಡುವ ಹಿಂದಿನ ದಿನ ಮನೆಯ ವೈಫೈನಲ್ಲಿ ನೀವೇ ನಕ್ಷೆ ಇಳಿಸಿಕೊಳ್ಳಿ. ಗೂಗಲ್ ಬೇಡವೆಂದರೆ, 2004ರಲ್ಲಿ ಶುರುವಾದ, ಸ್ವಯಂಸೇವಕರು ಸೇರಿ ರೂಪಿಸುವ ಓಪನ್‌ಸ್ಟ್ರೀಟ್‌ಮ್ಯಾಪಿನ ನಕ್ಷೆಗಳನ್ನು ಬಳಸುವ ಆರ್ಗಾನಿಕ್ ಮ್ಯಾಪ್ಸ್ ಎಂಬ ಆ್ಯಪ್ ಇದೆ, ಅದೂ ಪುಕ್ಕಟೆ. ಇಳಿಸಿದ ಮೇಲೆ ಏರೋಪ್ಲೇನ್ ಮೋಡಿಗೆ ಹಾಕಿ, ಬಯಲಿನಲ್ಲಿ ನಿಂತು, ಹೋಗಬೇಕಾದ ಊರಿನವರೆಗೂ ಗೆರೆ ಬರುತ್ತದೆಯೇ ನೋಡಿ. ಡೇಟಾ ಇಲ್ಲದಿದ್ದರೆ ಚುಕ್ಕಿ ಮೂಡಲು ಮೊದಲ ಸಲ ಕೆಲವು ನಿಮಿಷ ಹಿಡಿಯಬಹುದು, ಗಾಬರಿಯಾಗಬೇಡಿ. ಗುಡ್ಡ ಕುಸಿದು ರಸ್ತೆ ಮುಚ್ಚಿದ್ದರೆ ಇಳಿಸಿಟ್ಟ ನಕ್ಷೆ ಹೇಳುವುದಿಲ್ಲ, ಮಳೆಗಾಲದಲ್ಲಿ ಅದನ್ನು ಜನರನ್ನೇ ಕೇಳಬೇಕು. ಅಂಗಡಿಯವರ ಕೈಗೆ ಮಾತ್ರ ಫೋನು ಕೊಡಬೇಡಿ.

ನಿನ್ನೆ ಸಂಜೆ ಹಾಲು ತರಲು ಹೋದಾಗ ನೋಡಿದೆ, ಆ ಕಾಗದ ಇನ್ನೂ ಗಾಜಿನ ಮೇಲೆ ಇದೆ. ಕೆಳಗೆ ಹೊಸದಾಗಿ ‘ಆಷಾಢ ಆಫರ್’ ಎಂದು ಸೇರಿಸಿದ್ದಾರೆ.