ನಿಮ್ಮದೇ ಬ್ಲಾಕ್ ಕತ್ತರಿಸಿ ನೋಡದೆ ಮೈಕ್ರೋಟೋಮ್‌ಗೆ ಹಣ ಪಾವತಿಸಬೇಡಿ

ಹಿಸ್ಟೋಪೆಥಾಲಜಿ (ಅಂಗಾಂಶ ಪರೀಕ್ಷೆಯ) ಪ್ರಯೋಗಾಲಯಕ್ಕೆ ರೋಟರಿ ಮೈಕ್ರೋಟೋಮ್, ಅಂದರೆ ವ್ಯಾಕ್ಸ್‌ನಲ್ಲಿ (ಮೇಣದಲ್ಲಿ) ಹುದುಗಿಸಿದ ಅಂಗಾಂಶದ ಬ್ಲಾಕನ್ನು ಅತಿ ತೆಳುವಾಗಿ ಕತ್ತರಿಸುವ ಯಂತ್ರ, ಕೊಳ್ಳಲು ಹೊರಟಿರುವವರು, ಮುಖ್ಯವಾಗಿ ದೊಡ್ಡ ನಗರಗಳಿಂದ ದೂರವಿರುವ ಆಸ್ಪತ್ರೆಗಳವರು, ನಮಗಾದ ತೊಂದರೆಯನ್ನು ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಮ್ಮ ಆಸ್ಪತ್ರೆಯ ಖರೀದಿ ಸಮಿತಿ ಕೊಟೇಶನ್‌ಗಳನ್ನು ತರಿಸಿ, ಅತಿ ಕಡಿಮೆ ದರ ನಮೂದಿಸಿದವರಿಗೆ ಆರ್ಡರ್ ಕೊಟ್ಟಿತು. ಬಂದದ್ದು ಸ್ಪೆನ್ಸರ್ 820 ಎಂಬ ಹಳೆಯ ಮೈಕ್ರೋಟೋಮ್ ಮಾದರಿಯ ವಿನ್ಯಾಸವನ್ನು ಅನುಸರಿಸಿ ತಯಾರಿಸಿದ, ಡಿಸ್ಪೋಸಬಲ್ ಬ್ಲೇಡ್ ಹೋಲ್ಡರ್ ಅಳವಡಿಸಿದ ಯಂತ್ರ. ಮಾರಾಟಗಾರರ ಪ್ರತಿನಿಧಿ ತಾವೇ ತಂದಿದ್ದ ಮೃದು ಅಂಗಾಂಶದ ಬ್ಲಾಕನ್ನು ಕೂರಿಸಿ ಉದ್ದನೆಯ ರಿಬ್ಬನ್ (ಒಂದಕ್ಕೊಂದು ಅಂಟಿಕೊಂಡು ಬರುವ ತೆಳು ಹೋಳುಗಳ ಸಾಲು) ತೆಗೆದು ತೋರಿಸಿದರು. ಅಂಥ ಬ್ಲಾಕಿನಿಂದ ಯಂತ್ರದ ಯೋಗ್ಯತೆ ತಿಳಿಯುವುದಿಲ್ಲ.

ದಿನನಿತ್ಯದ ಕೆಲಸಕ್ಕೆ ಇಳಿದಾಗ ದೋಷ ಹೊರಬಿತ್ತು. ದಪ್ಪ ನಿಗದಿ ಮಾಡುವ ಸ್ಕೇಲನ್ನು 4 ಮೈಕ್ರಾನ್‌ಗೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಇಟ್ಟರೂ ಒಂದು ಸೆಕ್ಷನ್ (ಹೋಳು) ದಪ್ಪ, ಇನ್ನೊಂದು ತೆಳು, ಮುಂದಿನ ಸುತ್ತಿನಲ್ಲಿ ಏನೂ ಇಲ್ಲ. ಕೆಂಪು ರಕ್ತಕಣದ ಅಡ್ಡಳತೆಯೇ ಸುಮಾರು 7 ಮೈಕ್ರಾನ್ ಇರುವಾಗ, ಬ್ಲಾಕನ್ನು ಮುಂದೂಡುವ ಫೀಡ್ ಸ್ಕ್ರೂನಲ್ಲಿ ಕಣ್ಣಿಗೆ ಕಾಣದಷ್ಟು ಸಡಿಲವಿದ್ದರೂ ಸ್ಕೇಲಿನ ಅಂಕಿಗೆ ಅರ್ಥವಿರುವುದಿಲ್ಲ. ಗರ್ಭಾಶಯದ ಫೈಬ್ರಾಯ್ಡ್ ಗಡ್ಡೆಯಂಥ ಗಟ್ಟಿ ಅಂಗಾಂಶ ಬಂದರೆ ಹೋಲ್ಡರ್ ಅದುರಿ ಸೆಕ್ಷನ್ ತುಂಬ ಅಡ್ಡಪಟ್ಟೆಗಳು ಮೂಡುತ್ತಿದ್ದವು. ದಪ್ಪಗಿರುವ ಕಡೆ ನ್ಯೂಕ್ಲಿಯಸ್‌ಗಳು ಒಂದರ ಮೇಲೊಂದು ಬಿದ್ದು, ಅವುಗಳಿಗೆ ಹಾಕುವ ಹೆಮಟಾಕ್ಸಿಲಿನ್ ಬಣ್ಣ ಗಾಢವಾಗಿ ಕಾಣುತ್ತದೆ. ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ಆ ನ್ಯೂಕ್ಲಿಯಸ್‌ಗಳನ್ನೇ ನೋಡಿ ತೀರ್ಮಾನಿಸಬೇಕಾದ ಪೆಥಾಲಜಿಸ್ಟ್‌ಗೆ ಇದು ಸಣ್ಣ ತೊಡಕಲ್ಲ.

ಎಲ್ಲಕ್ಕಿಂತ ನೋವಿನ ಸಂಗತಿ ಎಂಡೋಸ್ಕೋಪಿ ಬಯಾಪ್ಸಿಗಳದ್ದು. ಜಠರದಿಂದ ತೆಗೆದ ಅಂಗಾಂಶ 2–3 ಮಿಲಿಮೀಟರ್‌ಗಿಂತ ದೊಡ್ಡದಿರುವುದು ಅಪರೂಪ. ಹಿಡಿಕೆ ತಿರುಗಿಸಿದಷ್ಟು ಹೊತ್ತು ಏನೂ ಬಾರದೆ, ನಂತರ ಫೀಡ್ ಒಮ್ಮೆಲೇ ಜಿಗಿದು ದಪ್ಪ ಹೋಳು ಕಿತ್ತುಬಂದರೆ, ಪರೀಕ್ಷಿಸಬೇಕಾದ ಭಾಗವೇ ಅದರೊಂದಿಗೆ ಹೋಗಿರುತ್ತದೆ. ಹೀಗೆ ಒಬ್ಬ ರೋಗಿಯ ಬ್ಲಾಕಿನಲ್ಲಿ ಡೀಪರ್ ಸೆಕ್ಷನ್ (ಬ್ಲಾಕಿನ ಇನ್ನೂ ಒಳಭಾಗದ ಹೋಳು) ಕೇಳಿದಾಗ ಕೊಡಲು ಅಂಗಾಂಶ ಉಳಿದಿರಲಿಲ್ಲ. ಅವರು ಮತ್ತೆ ಉಪವಾಸವಿದ್ದು, ಮತ್ತೆ ಎಂಡೋಸ್ಕೋಪಿ ಮಾಡಿಸಿಕೊಳ್ಳಬೇಕಾಯಿತು. ಯಂತ್ರದಲ್ಲಿ ಉಳಿಸಿದ ಹಣಕ್ಕೆ ಬೆಲೆ ತೆತ್ತವರು ಅವರು.

ದೂರು ಕೊಟ್ಟಾಗ ಸರಬರಾಜುದಾರರು ಬ್ಲೇಡ್ ಸರಿಯಿಲ್ಲ, ವ್ಯಾಕ್ಸ್ ಸರಿಯಿಲ್ಲ, ಕೊನೆಗೆ ಟೆಕ್ನಿಶಿಯನ್‌ಗೆ ಕೈ ಕೂತಿಲ್ಲ ಎಂದರು. ಇವೆಲ್ಲ ಕಾರಣಗಳಾಗಬಲ್ಲವು ಎಂಬುದು ನಿಜ: ಬ್ಲೇಡಿನ ಕೋನ ತಪ್ಪಿದ್ದರೂ, ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ವ್ಯಾಕ್ಸ್ ಮೆತ್ತಗಾದರೂ ಸೆಕ್ಷನ್ ಏರುಪೇರಾಗುತ್ತದೆ. ಆದ್ದರಿಂದ ನಾವು ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿ, ಹೊಸ ಬ್ಲೇಡ್ ಹಾಕಿ, ಬ್ಲಾಕನ್ನು ಐಸ್ ಮೇಲೆ ತಣಿಸಿ, ಅದೇ ಬ್ಲಾಕನ್ನು ಅದೇ ಟೆಕ್ನಿಶಿಯನ್ ಕೈಯಲ್ಲಿ ಮೊದಲು ಹೊಸ ಯಂತ್ರದಲ್ಲೂ ನಂತರ ನಮ್ಮಲ್ಲಿ ಮೊದಲಿನಿಂದ ಇದ್ದ ಹಳೆಯ ಯಂತ್ರದಲ್ಲೂ ಕತ್ತರಿಸಿಸಿದೆವು. ಹಳೆಯದರಲ್ಲಿ ಸಮನಾದ ರಿಬ್ಬನ್ ಬಂತು. ಆ ಸ್ಲೈಡ್‌ಗಳನ್ನು ಅಕ್ಕಪಕ್ಕ ಇಟ್ಟ ಮೇಲೆ ಟೆಕ್ನಿಶಿಯನ್ ಮೇಲಿನ ಆರೋಪ ಬಿದ್ದುಹೋಯಿತು. ಆದರೆ ಪೂರ್ತಿ ಹಣ ಆಗಲೇ ಪಾವತಿಯಾಗಿದ್ದರಿಂದ ಯಂತ್ರವನ್ನು ವಾಪಸ್ ಪಡೆಯಲು ಸರಬರಾಜುದಾರರು ಒಪ್ಪಲಿಲ್ಲ.

ಹ್ಯಾಂಡ್‌ವ್ಹೀಲ್ ಲಾಕ್ ಕೂಡ ಜಾರುತ್ತಿತ್ತು. ಚಕ್ರದ ಸಮತೋಲ ಸರಿಯಿಲ್ಲದೆ ಬ್ಲಾಕ್ ತಾನಾಗಿ ಬ್ಲೇಡಿನತ್ತ ಇಳಿದರೆ, ಬ್ಲಾಕ್ ಬದಲಿಸುತ್ತಿರುವವರ ಬೆರಳು ತುಂಡಾಗಬಹುದು. ಲಾಕ್ ಮತ್ತು ಬ್ಲೇಡ್ ಗಾರ್ಡ್ ಸರಿಯಿಲ್ಲದ ಯಂತ್ರವನ್ನು ಎಷ್ಟು ಅಗ್ಗವಾದರೂ ಒಳಗೆ ಬಿಟ್ಟುಕೊಳ್ಳಬಾರದು.

ಟೆಂಡರಿನಲ್ಲಿ ಸೆಕ್ಷನ್ ದಪ್ಪ ‘0.5ರಿಂದ 60 ಮೈಕ್ರಾನ್’ ಎಂದು ಬರೆಸಿದರೆ ಸಾಲದು. ಹಿಂದಿರುಗುವ ಚಲನೆಯಲ್ಲಿ ಬ್ಲಾಕ್ ಬ್ಲೇಡಿಗೆ ಉಜ್ಜದಂತೆ ಹಿಂದೆ ಸರಿಯುವ ರಿಟ್ರ್ಯಾಕ್ಷನ್ ಇರಬೇಕು, ನೀವು ಬಳಸುವುದು ಲೋ ಪ್ರೊಫೈಲ್ (ಕಡಿಮೆ ಅಗಲದ) ಬ್ಲೇಡೋ ಹೈ ಪ್ರೊಫೈಲ್ (ಹೆಚ್ಚು ಅಗಲದ) ಬ್ಲೇಡೋ ಅದಕ್ಕೆ ಹೋಲ್ಡರ್ ಹೊಂದಬೇಕು, ಬಿಡಿಭಾಗ ಎಷ್ಟು ದಿನದಲ್ಲಿ ಬರುತ್ತದೆಂದು ಲಿಖಿತವಾಗಿ ಸಿಗಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಒಂದು ಫೈಬ್ರಾಯ್ಡ್, ಕೊಬ್ಬು ತುಂಬಿದ ಒಂದು ಸ್ತನದ ಅಂಗಾಂಶ, ವರದಿ ಮುಗಿದ ಒಂದು ಸಣ್ಣ ಬಯಾಪ್ಸಿ ಹೀಗೆ ನಿಮ್ಮದೇ ಬ್ಲಾಕ್‌ಗಳಿಂದ ನಿಮ್ಮ ಟೆಕ್ನಿಶಿಯನ್ 3 ಮೈಕ್ರಾನ್‌ನಲ್ಲಿ ಸತತ ಸೆಕ್ಷನ್ ತೆಗೆದು, ಬಣ್ಣ ಹಾಕಿ, ಪೆಥಾಲಜಿಸ್ಟ್ ಒಪ್ಪಿ ಸಹಿ ಮಾಡಿದ ಮೇಲಷ್ಟೇ ಹಣ ಬಿಡುಗಡೆ ಎಂಬ ಷರತ್ತು ಹಾಕಿಸಿ. ಅಲ್ಲಿಯವರೆಗೆ ಹಳೆಯ ಯಂತ್ರವನ್ನು ಗುಜರಿಗೆ ಕಳಿಸಬೇಡಿ.