ನಾವಿಕ ಪೂರ್ವಜರನ್ನು ಹುಡುಕಲು 1915ರ ಸಿಬ್ಬಂದಿ ಪಟ್ಟಿ
ಬ್ರಿಟನ್ನಿನ ವಾಣಿಜ್ಯ ಹಡಗುಗಳಲ್ಲಿ ದುಡಿದ ಪೂರ್ವಜರ ಜಾಡು ಹಿಡಿಯುವವರು ಮೊದಲು ನೋಡಬೇಕಾದದ್ದು, ಅಲ್ಲಿನ ರಾಷ್ಟ್ರೀಯ ಪತ್ರಾಗಾರವೂ ಗ್ರೀನಿಚ್‌ನ ಕಡಲ ವಸ್ತುಸಂಗ್ರಹಾಲಯವೂ ಸೇರಿ ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿರುವ 1915ರ ಸಿಬ್ಬಂದಿ ಪಟ್ಟಿಗಳನ್ನು. ಸ್ವಯಂಸೇವಕರು ಹಳೆಯ ಕೈಬರಹವನ್ನು ಓದಿ ನಕಲಿಳಿಸಿದ ಈ ಪಟ್ಟಿಯಲ್ಲಿ ವಯಸ್ಸು, ಹುಟ್ಟೂರು, ಮನೆಯ ವಿಳಾಸ, ಹುದ್ದೆಗಳ ಜೊತೆಗೆ ಹಿಂದೆ ದುಡಿದ ಹಡಗಿನ ಹೆಸರೂ ಸಿಗುತ್ತದೆ. ನನ್ನ ಮಟ್ಟಿಗೆ ಆ ಕೊನೆಯ ಕಲಮೇ ಬೆಲೆಯುಳ್ಳದ್ದು. 1857ರಿಂದ 1913ರವರೆಗೆ ಸಾಮಾನ್ಯ ನಾವಿಕರ ಪ್ರತ್ಯೇಕ ನೋಂದಣಿಯೇ ಇರಲಿಲ್ಲವಾದ್ದರಿಂದ, ಹಡಗು ಗೊತ್ತಿಲ್ಲದೆ ಆ ಕಾಲದ ಆಳನ್ನು ಹುಡುಕುವುದು ಬಹಳ ಕಷ್ಟ. ಹೆಸರಿನ ಕಾಗುಣಿತ ಮಾತ್ರ ಬರೆದುಕೊಂಡವರ ಕಿವಿಗೆ ಬಿದ್ದಂತಿರುತ್ತದೆ. ಒಂದೇ ಹೆಸರನ್ನು ನಾಲ್ಕು ಬಗೆಯಲ್ಲಿ ಹಾಕಿ ನೋಡಬೇಕಾಯಿತು. ಉಳಿದ ವರ್ಷಗಳದ್ದು ಬೇರೆಯೇ ಪಾಡು: 1861ರಿಂದ 1938ರವರೆಗಿನ ಪಟ್ಟಿಗಳಲ್ಲಿ ಪತ್ರಾಗಾರದಲ್ಲಿರುವುದು ಶೇಕಡಾ 10ರಷ್ಟು ಮಾದರಿ, ಬಹುಪಾಲು ಕೆನಡಾದ ನ್ಯೂಫೌಂಡ್‌ಲೆಂಡ್‌ನಲ್ಲಿದೆ.